ಕಬ್ಬಿನ ಸೀಮೆಯಲ್ಲಿ ರವಿವಾರದ ಪಾಠ

ಶನಿವಾರ ಮಧ್ಯಾಹ್ನ ಮತ್ತು ರವಿವಾರಗಳಂದು ಬಡ ಕುಟುಂಬಗಳ ಶಾಲಾಮಕ್ಕಳಿಗೆ ಸಂಬಳದ ನಿರೀಕ್ಷೆಯಿಲ್ಲದೆ ಓದು, ಬರಹ, ಲೆಕ್ಕಗಳನ್ನು ಹೇಳಿಕೊಡುವ ಸ್ವಯಂಸೇವೆಯು ಇತ್ತೀಚಿನ ದಶಕಗಳಲ್ಲಿ ಹೆಚ್ಚಾಗಿ ಬೆಂಗಳೂರಿನಂಥ ನಗರಗಳ ಕೊಳೆಗೇರಿಗಳ ಮತ್ತು ಮಕ್ಕಳ ವಸತಿಗೃಹಗಳ ಸುತ್ತ ಬೆಳೆದುಬಂದಿದ್ದು, ಅದರ ವೇಳಾಪಟ್ಟಿಯನ್ನು ರೂಪಿಸಿದ್ದು ಐದು ದಿನ ಕಚೇರಿಗೆ ಹೋಗಿ ಎರಡು ದಿನ ಬಿಡುವು ಪಡೆಯುವ ನಗರದ ಉದ್ಯೋಗಿಯ ಅನುಕೂಲವೇ ಹೊರತು ಕಲಿಯುವ ಮಗುವಿನ ಅನುಕೂಲವಲ್ಲ. ಅದೇ ಪದ್ಧತಿಯನ್ನು ಕಾಗವಾಡ ತಾಲ್ಲೂಕಿನ ಶಿರಗುಪ್ಪಿಯಂಥ ಊರಿಗೆ, ಅಥವಾ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ತಾಲ್ಲೂಕುಗಳ ಹಳ್ಳಿಗಳಿಗೆ ಇದ್ದಹಾಗೆಯೇ ತಂದರೆ ಅದು ಹೆಚ್ಚು ದಿನ ನಿಲ್ಲಲಾರದು. ಕೃಷ್ಣಾ ನದಿಯ ದಂಡೆಯ ಈ ಸೀಮೆಯಲ್ಲಿ ವರ್ಷವು ಕಬ್ಬು ನುರಿಸುವ ಹಂಗಾಮು, ಮಳೆಗಾಲದ ಪ್ರವಾಹ, ಬೀಡಿ ಕಟ್ಟುವ ಮನೆಗಳ ವಾರದ ಲೆಕ್ಕ ಇವುಗಳಿಂದ ಅಳೆಯಲ್ಪಡುತ್ತದೆ. ಇಲ್ಲಿಯ ಬಡ ಮಗುವಿಗೆ ರವಿವಾರವೆಂದರೆ ಅನೇಕ ವೇಳೆ ವಾರದಲ್ಲಿ ಅತ್ಯಂತ ಹೆಚ್ಚು ದುಡಿಯುವ ದಿನ. ಆದ್ದರಿಂದ ವಾರಾಂತ್ಯದ ಪಾಠವನ್ನು ಯೋಚಿಸುವವರು ಮೊದಲು ಕೇಳಿಕೊಳ್ಳಬೇಕಾದದ್ದು ಯಾವ ಮಗುವಿಗೆ ಯಾವ ತಿಂಗಳಿನಲ್ಲಿ ಯಾವ ತಾಸು ನಿಜವಾಗಿ ಬಿಡುವಾಗಿದೆ ಎಂಬುದನ್ನು. ಸ್ವಯಂಸೇವಕನ ಬಿಡುವಿನ ಪ್ರಶ್ನೆ ಅದರ ನಂತರ ಬರುತ್ತದೆ.

ರಜೆಯ ದಿನವನ್ನೇ ಪಾಠದ ದಿನವಾಗಿಸುವ ಯೋಚನೆಗೆ ದೀರ್ಘ ಇತಿಹಾಸವಿದೆ. ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ಪತ್ರಿಕೆಯೊಂದನ್ನು ನಡೆಸುತ್ತಿದ್ದ ರಾಬರ್ಟ್ ರೈಕ್ಸ್ 1780ರಲ್ಲಿ ಆರಂಭಿಸಿದ ರವಿವಾರದ ಶಾಲೆಯು, ವಾರದ ಆರು ದಿನ ಕೆಲಸದಲ್ಲಿ ತೊಡಗಿ ಏಳನೆಯ ದಿನ ಬೀದಿಯಲ್ಲಿ ಅಲೆಯುತ್ತಿದ್ದ ಬಡ ಮಕ್ಕಳಿಗೆ ಧರ್ಮಗ್ರಂಥದ ಮೂಲಕ ಓದು ಕಲಿಸುವ ಪ್ರಯತ್ನವಾಗಿತ್ತು. ಆ ಪದ್ಧತಿ ದೇಶದ ತುಂಬ ಹಬ್ಬಿ ಲಕ್ಷಾಂತರ ಮಕ್ಕಳಿಗೆ ಅಕ್ಷರ ಕಲಿಸಿದರೂ, ಪ್ರತಿ ಮಗುವಿನ ಸಮೀಪಕ್ಕೆ ಶಾಲೆ ಒದಗಿಸುವ ಹೊಣೆಯನ್ನು ಅಲ್ಲಿಯ ಸರ್ಕಾರ 1870ರ ಕಾಯ್ದೆಯ ಮೂಲಕ ಹೊರುವವರೆಗೆ ಮೂಲ ಸಮಸ್ಯೆ ಬಗೆಹರಿಯಲಿಲ್ಲ ಎಂಬುದು ಸ್ವಯಂಸೇವೆಯ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುತ್ತದೆ. ಕೃಷ್ಣಾ ತೀರದ ಈ ಪ್ರದೇಶಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆಗಳೂ ಇವೆ. ಕೊಲ್ಹಾಪುರದ ಶಾಹೂ ಮಹಾರಾಜರು 1917ರಲ್ಲಿ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿಸಿದಾಗ ರಾಯಬಾಗವು ಆ ಸಂಸ್ಥಾನದ ಭಾಗವಾಗಿತ್ತು. ಅದಕ್ಕೆ ಒಂದು ವರ್ಷ ಮೊದಲು, 1916ರ ನವೆಂಬರಿನಲ್ಲಿ, ಬೆಳಗಾವಿಯಲ್ಲಿ ಏಳು ಜನ ತರುಣ ಶಿಕ್ಷಕರು ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ್ದು ಹೆಚ್ಚಿನ ಸಂಬಳದ ಸರ್ಕಾರಿ ನೌಕರಿಗಳ ಆಸೆ ಬಿಟ್ಟು. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ಸಂಜೆಯ ದೀಪದ ಬೆಳಕಿನಲ್ಲಿ ಹಿರಿಯರಿಗೆ ಅಕ್ಷರ ತಿದ್ದಿಸಿದವರು ಕೂಡ ಸಂಬಳವಿಲ್ಲದ ಊರಿನ ಹುಡುಗ ಹುಡುಗಿಯರೇ. ಹೀಗಾಗಿ ಸ್ವಯಂಸೇವೆಯು ಈ ನೆಲಕ್ಕೆ ಹೊರಗಿನಿಂದ ಬರಬೇಕಾದ ವಸ್ತುವಲ್ಲ.

ಆದರೆ ಮಗುವಿನ ರವಿವಾರ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡದೆ ಮುಂದುವರಿಯುವುದು ಸರಿಯಲ್ಲ. ಸರ್ಕಾರಿ ಶಾಲೆಗಳಲ್ಲಿ ಶನಿವಾರ ಬೆಳಗಿನ ಶಾಲೆ ಮಾತ್ರ ಇರುವುದರಿಂದ ಮಧ್ಯಾಹ್ನದ ಹೊತ್ತಿಗೆ ಮಕ್ಕಳು ಮನೆಗೆ ಮರಳುತ್ತಾರೆ. ಅಲ್ಲಿಂದ ಸೋಮವಾರದವರೆಗಿನ ಸಮಯವು ಹೊಲವಿಲ್ಲದ ಕೂಲಿ ಕುಟುಂಬಗಳಲ್ಲಿ ಆಡು ಮೇಯಿಸಲು, ತಮ್ಮ ತಂಗಿಯರನ್ನು ನೋಡಿಕೊಳ್ಳಲು, ನೀರು ತರಲು, ಎಮ್ಮೆಗೆ ಮೇವು ಕೊಯ್ದು ತರಲು ಬಳಕೆಯಾಗುತ್ತದೆ. ನಿಪ್ಪಾಣಿ ಪಟ್ಟಣ ಹಾಗೂ ಅದರ ಸುತ್ತಲಿನ ಹಳ್ಳಿಗಳಲ್ಲಿ ತಂಬಾಕು ಮತ್ತು ಬೀಡಿ ಬಹುಕಾಲದ ದುಡಿಮೆಯಾಗಿದ್ದು, ಬೀಡಿ ಕಟ್ಟುವ ಮಹಿಳೆಗೆ ಕೂಲಿ ದಿನದ ಲೆಕ್ಕದಲ್ಲಿ ಸಿಗುವುದಿಲ್ಲ, ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ಸಿಗುತ್ತದೆ. ಎಲೆಯನ್ನು ನೆನೆಸಿ, ಅಳತೆಗೆ ಕತ್ತರಿಸಿ, ಒಳಗೆ ತಂಬಾಕು ತುಂಬಿ ಸುರುಳಿ ಸುತ್ತಿ, ತುದಿಯನ್ನು ಮಡಚಿ, ನೂಲು ಕಟ್ಟಿ ಸಾವಿರದ ಲೆಕ್ಕ ತುಂಬಿಸುವ ಈ ಕೆಲಸದಲ್ಲಿ ಎಳೆಯ ಬೆರಳುಗಳು ಚುರುಕಾಗಿ ಆಡುವುದರಿಂದ, ತಾಯಿಯ ಲೆಕ್ಕ ಕಡಿಮೆ ಬಿದ್ದ ವಾರ ಮಗಳು ಪಕ್ಕದಲ್ಲಿ ಕುಳಿತು ನೂಲು ಕಟ್ಟುವುದು ಮನೆಯವರಿಗೆ ದುಡಿಮೆಯೆಂದೇ ತೋರುವುದಿಲ್ಲ.

ಕಾನೂನು ಕೂಡ ಇಲ್ಲಿ ಒಂದು ಸಂದಿಯನ್ನು ಉಳಿಸಿದೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯು ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಯಾವುದೇ ಉದ್ಯೋಗದಲ್ಲಿ ತೊಡಗಿಸುವುದನ್ನು ನಿಷೇಧಿಸಿತಾದರೂ, ಅಪಾಯಕಾರಿಯಲ್ಲದ ಕುಟುಂಬದ ಕೆಲಸದಲ್ಲಿ ಮಗು ಶಾಲೆಯ ಸಮಯದ ನಂತರ ಅಥವಾ ರಜೆಯ ದಿನಗಳಲ್ಲಿ ನೆರವಾಗಬಹುದೆಂಬ ವಿನಾಯಿತಿಯನ್ನು ಇಟ್ಟಿತು. ಬೀಡಿ ಕಟ್ಟುವ ಕೆಲಸ 1986ರ ಮೂಲ ಕಾಯ್ದೆಯ ನಿಷೇಧಿತ ಪಟ್ಟಿಯಲ್ಲಿಯೇ ಇತ್ತು. ಆದರೂ ಮನೆಯೊಳಗೆ, ತಾಯಿಯ ಮೊರದ ಪಕ್ಕದಲ್ಲಿ ನಡೆಯುವ ಕೆಲಸಕ್ಕೆ ತಪಾಸಣಾಧಿಕಾರಿಯ ಕಣ್ಣು ತಲುಪುವುದು ಅಪರೂಪ. ಇದರ ಪರಿಣಾಮವಾಗಿ ಶಾಲೆಯ ದಿನಗಳು ಮಗುವಿಗೆ ರಕ್ಷಣೆಯಾಗಿಯೂ ರಜೆಯ ದಿನಗಳು ರಕ್ಷಣೆಯಿಲ್ಲದ ದಿನಗಳಾಗಿಯೂ ಉಳಿದಿವೆ. ವಾರಾಂತ್ಯದ ಪಾಠದ ಮೊದಲ ಪ್ರಯೋಜನವನ್ನು ಇಲ್ಲಿಯೇ ಗುರುತಿಸಬೇಕು: ಅದು ಎರಡು ತಾಸಿನ ಮಟ್ಟಿಗಾದರೂ ಮಗುವನ್ನು ದುಡಿಮೆಯಿಂದ ಬಿಡಿಸಿ ತರುತ್ತದೆ, ಮತ್ತು ಅದಕ್ಕಾಗಿ ತಾಯಿಯ ಒಪ್ಪಿಗೆಯನ್ನು ಕೇಳಬೇಕಾಗುವುದರಿಂದ ಮಗುವಿನ ಸಮಯಕ್ಕೂ ಬೆಲೆಯಿದೆ ಎಂಬ ಮಾತು ಮನೆಯೊಳಗೆ ಬರುತ್ತದೆ. ಈ ಒಪ್ಪಿಗೆಯನ್ನು ಪಡೆಯಲು ಮನೆ ಮನೆಗೆ ಹೋಗಿ ಕುಳಿತು ಮಾತನಾಡುವುದು ಪಾಠದಷ್ಟೇ ಮುಖ್ಯವಾದ ಕೆಲಸ. ಧ್ವನಿವರ್ಧಕದಲ್ಲಿ ಸಾರಿ ಮಕ್ಕಳನ್ನು ಕೂಡಿಸುವವರಿಗೆ ಬರುವುದು ಬಿಡುವಿರುವ ಮಕ್ಕಳು ಮಾತ್ರ, ಅಂದರೆ ಪಾಠದ ಅಗತ್ಯ ಅಷ್ಟಾಗಿ ಇಲ್ಲದ ಮಕ್ಕಳು.

ಇದರ ಜೊತೆಗೆ ಊಟದ ವಿಷಯವಿದೆ. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭವಾಗಿ ಬಳಿಕ ಇಡೀ ರಾಜ್ಯಕ್ಕೆ ವಿಸ್ತರಿಸಿದ ಅಕ್ಷರ ದಾಸೋಹವು, ಅಂದರೆ ಶಾಲೆಯ ಮಧ್ಯಾಹ್ನದ ಬಿಸಿಯೂಟವು, ರವಿವಾರ ಇರುವುದಿಲ್ಲ. 2013ರಿಂದ ಕೊಡುತ್ತ ಬಂದಿರುವ ಕ್ಷೀರಭಾಗ್ಯದ ಹಾಲೂ ಅಂದು ಇಲ್ಲ. ತಾಯಿ ತಂದೆ ನಸುಕಿನಲ್ಲೇ ಹೊಲಕ್ಕೆ ಹೋದ ಮನೆಯ ಮಗು ರವಿವಾರ ಹನ್ನೊಂದು ಗಂಟೆಗೆ ಪಾಠಕ್ಕೆ ಬಂದು ಕುಳಿತಾಗ ಅದರ ಹೊಟ್ಟೆಯಲ್ಲಿ ಏನಿದೆ ಎಂಬುದನ್ನು ಕೇಳದೆ ಕಾಗುಣಿತ ಕೇಳುವುದು ನ್ಯಾಯವಲ್ಲ. ದಾಸೋಹದ ಸಂಪ್ರದಾಯ ಗಟ್ಟಿಯಾಗಿರುವ, ಮಠ, ಬಸದಿ, ದೇವಸ್ಥಾನಗಳಲ್ಲಿ ಅಡುಗೆಯ ಪಾತ್ರೆಗಳು ಸದಾ ಸಿದ್ಧವಾಗಿರುವ ಈ ಭಾಗದಲ್ಲಿ ಮೂವತ್ತು ಮಕ್ಕಳಿಗೆ ಶೇಂಗಾ, ಬೆಲ್ಲ ಅಥವಾ ಒಂದೊಂದು ಬಟ್ಟಲು ಉಪ್ಪಿಟ್ಟು ಒದಗಿಸುವುದು ಕಷ್ಟದ ಮಾತಲ್ಲ. ದಾನಿಗಳು ನೋಟ್‌ಬುಕ್ಕು, ಕಂಪಾಸ್ ಪೆಟ್ಟಿಗೆಗಳನ್ನು ಹಂಚಿ ಹೋಗುವ ಬದಲು ಈ ವೆಚ್ಚವನ್ನು ವರ್ಷವಿಡೀ ಹೊತ್ತರೆ ಮಕ್ಕಳಿಗೆ ಆಗುವ ಉಪಕಾರ ಬಹಳ ಹೆಚ್ಚಿನದು.

ಕಬ್ಬಿನ ಹಂಗಾಮು ಈ ವಿಷಯದ ಅತ್ಯಂತ ಕಠಿಣವಾದ ಭಾಗ. ಉಗಾರ ಖುರ್ದದಲ್ಲಿ 1939ರಲ್ಲಿ ಸ್ಥಾಪನೆಯಾದ ಉಗಾರ ಸಕ್ಕರೆ ಕಾರ್ಖಾನೆಯಿಂದ ಹಿಡಿದು ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ ಸಹಕಾರಿ ಕಾರ್ಖಾನೆಗಳವರೆಗೆ ಈ ತಾಲ್ಲೂಕುಗಳ ಕಾರ್ಖಾನೆಗಳು ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ನುರಿಸಲು ಆರಂಭಿಸಿ ಬೇಸಿಗೆಯ ಹೊತ್ತಿಗೆ ನಿಲ್ಲಿಸುತ್ತವೆ. ಆ ತಿಂಗಳುಗಳಲ್ಲಿ ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ ಮೊದಲಾದ ಬರಪೀಡಿತ ಜಿಲ್ಲೆಗಳಿಂದಲೂ ವಿಜಯಪುರದ ಕಡೆಯ ಒಣ ಪ್ರದೇಶದ ಹಳ್ಳಿಗಳಿಂದಲೂ ಗ್ಯಾಂಗುಗಳು ಬರುತ್ತವೆ. ಗ್ಯಾಂಗ್ ಎಂದರೆ ಒಬ್ಬ ಮುಕಾದಮನ, ಅಂದರೆ ಕೂಲಿಗಳನ್ನು ಒದಗಿಸುವ ಗುತ್ತಿಗೆದಾರನ ಕೈಕೆಳಗೆ ಮುಂಗಡ ಹಣ ಪಡೆದು ಬಂದ ಕುಟುಂಬಗಳ ತಂಡ. ಅದರಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು ಕೊಯ್ತಾ, ಎಂದರೆ ಒಂದು ಕುಡುಗೋಲು ಎಂದು ಎಣಿಸುತ್ತಾರೆ. ಗಂಡ ಕಬ್ಬು ಕಡಿದರೆ ಹೆಂಡತಿ ರವದಿಯನ್ನು, ಅಂದರೆ ಕಬ್ಬಿನ ಒಣ ಎಲೆಯನ್ನು ಸುಲಿದು ಕಂತೆ ಕಟ್ಟುತ್ತಾಳೆ, ಮತ್ತು ಇಬ್ಬರೂ ಕೂಡಿ ಟ್ರ್ಯಾಕ್ಟರ್ ಟ್ರೇಲರಿಗೆ ಹೇರುತ್ತಾರೆ. ಗಂಡ ಹೆಂಡತಿ ಇಬ್ಬರೂ ಒಂದೇ ಮುಂಗಡಕ್ಕೆ ಕಟ್ಟುಬಿದ್ದಿರುವಾಗ ಮಕ್ಕಳನ್ನು ಊರಲ್ಲಿ ನೋಡಿಕೊಳ್ಳಲು ಅಜ್ಜಿಯಿಲ್ಲದ ಮನೆಯ ಮಗು ಅವರ ಜೊತೆಗೇ ಬರಬೇಕಾಗುತ್ತದೆ, ಕಬ್ಬಿನ ಪಡದ, ಅಂದರೆ ಹೊಲದ ಅಂಚಿನಲ್ಲಿ ರವದಿಯ ಗುಡಿಸಲಿನಲ್ಲಿ ಇರಬೇಕಾಗುತ್ತದೆ, ಮತ್ತು ಕೂಸನ್ನು ನೋಡಿಕೊಳ್ಳುವ ಕೆಲಸಕ್ಕೆ ಹತ್ತು ವರ್ಷದ ಅಕ್ಕನೇ ನಿಲ್ಲಬೇಕಾಗುತ್ತದೆ.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯು ಈ ಮಗುವನ್ನು ಮರೆತಿಲ್ಲ. ಶಾಲೆ ಬಿಟ್ಟ ಅಥವಾ ಶಾಲೆಗೇ ಸೇರದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದು ಅದರ 4ನೆಯ ಕಲಮು ಹೇಳುತ್ತದೆ. ಒಂದು ಶಾಲೆಯಿಂದ ಇನ್ನೊಂದಕ್ಕೆ, ರಾಜ್ಯದ ಗಡಿ ದಾಟಿ ಕೂಡ, ವರ್ಗಾವಣೆ ಕೇಳುವ ಹಕ್ಕನ್ನು 5ನೆಯ ಕಲಮು ಕೊಡುತ್ತದೆ. ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ವಲಸೆ ಕೂಲಿಗಳ ಮಕ್ಕಳಿಗಾಗಿ ಕರ್ನಾಟಕದಲ್ಲಿ ಟೆಂಟ್ ಶಾಲೆಗಳನ್ನೂ ಮಹಾರಾಷ್ಟ್ರದಲ್ಲಿ ಸಾಖರ ಶಾಳೆಗಳನ್ನೂ, ಅಂದರೆ ಸಕ್ಕರೆ ಕಾರ್ಖಾನೆಗಳ ಆವರಣದ ಹಂಗಾಮಿ ಶಾಲೆಗಳನ್ನೂ ನಡೆಸಿದ ಅನುಭವವಿದೆ. ಆದರೆ ಗ್ಯಾಂಗು ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಸಾಗುತ್ತಿರುವಾಗ, ತೋಟದ ಗುಡಿಸಲಿನಿಂದ ಊರಿನ ಶಾಲೆಗೆ ಮೂರು ಕಿಲೋಮೀಟರ್ ದೂರವಿರುವಾಗ, ಕಾಯ್ದೆಯ ಹಕ್ಕನ್ನು ಮಗುವಿನ ಕೈಗೆ ಮುಟ್ಟಿಸಲು ಊರಿನವರೇ ಆದ ಯಾರಾದರೂ ನಡುವೆ ನಿಲ್ಲಬೇಕು. ವಾರಾಂತ್ಯದ ಸ್ವಯಂಸೇವಕರು ಈ ಕೆಲಸಕ್ಕೆ ಅತ್ಯಂತ ಯೋಗ್ಯರು. ಯಾವ ರೈತರ ಪಡದಲ್ಲಿ ಯಾವ ಗ್ಯಾಂಗು ಇಳಿದಿದೆ ಎಂಬುದು ಅಧಿಕಾರಿಗಳಿಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ಗುಡಿಸಲುಗಳಿಗೆ ಹೋಗಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಹೆಸರುಗಳನ್ನು ಬರೆದು ಮುಖ್ಯಗುರುಗಳಿಗೆ ಕೊಡುವುದೇ ಹಂಗಾಮಿನ ಮೊದಲ ಎರಡು ರವಿವಾರಗಳ ಕೆಲಸವಾಗಬೇಕು. ಆ ಮಕ್ಕಳಿಗೆ ರವಿವಾರ ಬೆಳಿಗ್ಗೆ ಪಾಠ ಇಟ್ಟರೆ ಯಾರೂ ಬರಲಾರರು, ಏಕೆಂದರೆ ಕಾರ್ಖಾನೆಗೆ ರವಿವಾರದ ರಜೆಯಿಲ್ಲ. ಟ್ರೇಲರ್ ತುಂಬಿ ಹೋದ ಮೇಲಿನ ಸಂಜೆಯ ತಾಸು, ಗುಡಿಸಲಿನ ಹತ್ತಿರವೇ, ಅವರಿಗೆ ಸಾಧ್ಯವಾದ ಸಮಯ.

ಏನನ್ನು ಕಲಿಸಬೇಕೆಂಬ ಪ್ರಶ್ನೆಯಲ್ಲಿ ಸದುದ್ದೇಶದ ತರುಣರು ಹೆಚ್ಚಾಗಿ ಎಡವುತ್ತಾರೆ. ಪಠ್ಯಪುಸ್ತಕದ ಮುಂದಿನ ಪಾಠವನ್ನು ತೆಗೆದುಕೊಂಡು ಶಾಲೆಯ ತರಗತಿಯನ್ನೇ ಇನ್ನೊಮ್ಮೆ ನಡೆಸುವುದು, ಇಲ್ಲವೇ ಕಂಪ್ಯೂಟರ್, ಇಂಗ್ಲಿಷ್ ಮಾತುಗಾರಿಕೆ, ಚಿತ್ರಕಲೆ ಎಂದು ವಾರಕ್ಕೊಂದು ವಿಷಯ ಬದಲಿಸುವುದು ಸಾಮಾನ್ಯ. ಆದರೆ ಐದನೆಯ ತರಗತಿಯಲ್ಲಿ ಕುಳಿತು ಎರಡನೆಯ ತರಗತಿಯ ಕಥೆಯನ್ನು ಓದಲಾರದ ಮಗುವಿಗೆ ಬೇಕಾದದ್ದು ಓದು ಮತ್ತು ಲೆಕ್ಕದ ಬುನಾದಿ. ತೊಂಬತ್ತರ ದಶಕದಲ್ಲಿ ಮುಂಬಯಿಯಲ್ಲಿ ಹುಟ್ಟಿದ ಪ್ರಥಮ್ ಸಂಸ್ಥೆಯು ರೂಪಿಸಿದ ಪದ್ಧತಿಯಲ್ಲಿ ಮಕ್ಕಳನ್ನು ವಯಸ್ಸು ಅಥವಾ ತರಗತಿಯ ಪ್ರಕಾರ ವಿಂಗಡಿಸದೆ, ಅವರು ಈಗ ನಿಂತಿರುವ ಮಟ್ಟದ ಪ್ರಕಾರ ವಿಂಗಡಿಸುತ್ತಾರೆ. ಒಂದು ಹಾಳೆಯ ಮೇಲೆ ಬಿಡಿ ಅಕ್ಷರಗಳು, ಸರಳ ಪದಗಳು, ನಾಲ್ಕು ವಾಕ್ಯದ ಒಂದು ತುಣುಕು, ಒಂದು ಚಿಕ್ಕ ಕಥೆ ಇರುತ್ತವೆ. ಮಗುವನ್ನು ಒಬ್ಬೊಬ್ಬರಾಗಿ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದರೆ ಐದು ನಿಮಿಷದಲ್ಲಿ ಅದು ಯಾವ ಮಟ್ಟದಲ್ಲಿದೆ ಎಂಬುದು ತಿಳಿಯುತ್ತದೆ. 2005ರಿಂದ ದೇಶದ ಗ್ರಾಮೀಣ ಜಿಲ್ಲೆಗಳಲ್ಲಿ ನಡೆಯುತ್ತಿರುವ ಅಸರ್ ಸಮೀಕ್ಷೆ, ಅಂದರೆ ಶಿಕ್ಷಣದ ಸ್ಥಿತಿಗತಿಯ ವಾರ್ಷಿಕ ವರದಿಗಾಗಿ ಮನೆ ಮನೆಗೆ ಹೋಗಿ ನಡೆಸುವ ಸಮೀಕ್ಷೆಯು ಬಳಸುವುದೂ ಇಂಥ ಹಾಳೆಯನ್ನೇ, ಮತ್ತು ಅದನ್ನು ನಡೆಸುವವರಲ್ಲಿ ಬಹಳಷ್ಟು ಜನ ಕಾಲೇಜು ವಿದ್ಯಾರ್ಥಿಗಳು.

ಸ್ವಯಂಸೇವಕರಿಂದ ನಿಜವಾಗಿ ಓದು ಬರುತ್ತದೆಯೇ ಎಂಬುದಕ್ಕೆ ಗಟ್ಟಿಯಾದ ಪುರಾವೆಯೊಂದಿದೆ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ 280 ಹಳ್ಳಿಗಳಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವೇ ದಿನಗಳ ತರಬೇತಿ ಪಡೆದ ಊರಿನ ತರುಣರು ಶಾಲೆಯ ಹೊರಗೆ ದಿನಕ್ಕೆ ಸುಮಾರು ಎರಡು ತಾಸಿನಂತೆ ಎರಡು ಮೂರು ತಿಂಗಳು ಓದಿನ ಶಿಬಿರ ನಡೆಸಿದಾಗ, ಅಕ್ಷರವೇ ಬಾರದಿದ್ದು ಶಿಬಿರಕ್ಕೆ ಬಂದ ಮಕ್ಕಳಲ್ಲಿ ಬಹುಪಾಲು ಅಕ್ಷರ ಗುರುತಿಸುವ ಮಟ್ಟಕ್ಕೆ ಬಂದದ್ದು ಕಂಡುಬಂದಿತು. ಆದರೆ ಆ ಹಳ್ಳಿಗಳ ಒಟ್ಟು ಮಕ್ಕಳಲ್ಲಿ ಶಿಬಿರಕ್ಕೆ ಬಂದವರು ನೂರಕ್ಕೆ ಹತ್ತರಷ್ಟೂ ಇರಲಿಲ್ಲ, ಮತ್ತು ಓದಲು ಬಾರದ ಮಕ್ಕಳಲ್ಲಿ ಹೆಚ್ಚಿನವರು ಹೊರಗೇ ಉಳಿದರು. ಬ್ಯಾನರ್ಜಿ ಮತ್ತು ಡುಫ್ಲೊ 2019ರ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡ ಅರ್ಥಶಾಸ್ತ್ರಜ್ಞರಲ್ಲಿ ಇಬ್ಬರು. ಕಲಿಸುವುದು ಕಷ್ಟವಲ್ಲ, ಕಲಿಯಬೇಕಾದ ಮಗುವನ್ನು ತಂದು ಕೂರಿಸುವುದು ಕಷ್ಟ ಎಂಬುದು ಆ ಅಧ್ಯಯನದ ಸಾರ, ಮತ್ತು ಶಿರಗುಪ್ಪಿಯ ಸುತ್ತಲಿನ ಮಕ್ಕಳ ರವಿವಾರವನ್ನು ಬಲ್ಲವರಿಗೆ ಈ ಮಾತು ಹೊಸದಾಗಿ ತೋರಲಾರದು.

ಕನ್ನಡದ ಓದನ್ನು ಕಲಿಸುವವರು ತಿಳಿದಿರಬೇಕಾದ ಇನ್ನೊಂದು ಸಂಗತಿಯೆಂದರೆ ಸರ್ಕಾರಿ ಶಾಲೆಯ ಮೊದಲ ಮೂರು ತರಗತಿಗಳಲ್ಲಿ ಅಕ್ಷರ ಕಲಿಕೆ ಅ ಆ ಇ ಈ ಎಂಬ ವರ್ಣಮಾಲೆಯ ಕ್ರಮದಲ್ಲಿ ಆರಂಭವಾಗುವುದಿಲ್ಲ ಎಂಬುದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಕೂಡಿ ಆರಂಭಿಸಿ ನಂತರ ರಾಜ್ಯವೆಲ್ಲ ಹಬ್ಬಿದ ನಲಿ ಕಲಿ ಪದ್ಧತಿಯಲ್ಲಿ ಮಗು ಮೊದಲು ಕಲಿಯುವುದು ರ, ಗ, ಸ, ದ, ಅ ಎಂಬ ಐದು ಅಕ್ಷರಗಳನ್ನು. ಬರೆಯಲು ಸುಲಭವಾದ ಈ ಐದರಿಂದಲೇ ಸರ, ರಸ, ದರ, ಅರಸ, ಅಗಸ, ಗರಗಸ ಎಂಬ ಪದಗಳು ಕೂಡಲೇ ಹುಟ್ಟುವುದರಿಂದ, ಐವತ್ತು ಅಕ್ಷರ ಮುಗಿಯುವವರೆಗೆ ಕಾಯದೆ ಮಗು ಮೊದಲ ವಾರಗಳಲ್ಲಿಯೇ ಅರ್ಥವುಳ್ಳ ಪದವನ್ನು ಓದಬಲ್ಲದು. ಇದನ್ನು ತಿಳಿಯದ ಸ್ವಯಂಸೇವಕರು ರವಿವಾರ ಬಂದು ವರ್ಣಮಾಲೆಯನ್ನು ಮೊದಲಿನಿಂದ ಬಾಯಿಪಾಠ ಮಾಡಿಸಿದರೆ, ಸೋಮವಾರದ ಶಾಲೆ ಒಂದು ದಾರಿಯಲ್ಲಿಯೂ ರವಿವಾರದ ಪಾಠ ಇನ್ನೊಂದು ದಾರಿಯಲ್ಲಿಯೂ ಸಾಗಿ ಮಗು ಗೊಂದಲಕ್ಕೆ ಬೀಳುತ್ತದೆ. ಶಾಲೆಯ ಶಿಕ್ಷಕಿಯನ್ನು ಕಂಡು ಮಗು ನಲಿ ಕಲಿಯ ಯಾವ ಮೆಟ್ಟಿಲಿನಲ್ಲಿದೆ ಎಂದು ಕೇಳಿ ತಿಳಿದು ಅಲ್ಲಿಂದ ಮುಂದುವರಿಯುವುದೇ ಸರಿಯಾದ ಕ್ರಮ.

ಅಕ್ಷರದ ನಂತರದ ತೊಡಕು ಒತ್ತಕ್ಷರದಲ್ಲಿದೆ. ಈ ಸೀಮೆಯ ಮಗು ದಿನವೂ ಕಾಣುವ ಒಂದು ಫಲಕ, ಸಕ್ಕರೆ ಕಾರ್ಖಾನೆ. ಮೂಲಾಕ್ಷರ, ಕಾಗುಣಿತ ಬಲ್ಲ ಮಗು ಮೊದಲ ಪದವನ್ನು ಸಕರೆ ಎಂದು ಓದುತ್ತದೆ, ಏಕೆಂದರೆ ಅಕ್ಷರದ ಕೆಳಗಿನ ಚಿಹ್ನೆ ಅದಕ್ಕೆ ಇನ್ನೂ ಧ್ವನಿಯಾಗಿಲ್ಲ. ಎರಡನೆಯ ಪದದಲ್ಲಿ ಅರ್ಕಾವೊತ್ತು, ಅಂದರೆ ರಕಾರವನ್ನು ಸೂಚಿಸಲು ಅಕ್ಷರದ ಬಲಕ್ಕೆ ಬರೆಯುವ ಚಿಹ್ನೆ, ಖಾ ಆದ ಮೇಲೆ ಬಂದರೂ ಅದರ ಉಚ್ಚಾರ ಖಾಕ್ಕಿಂತ ಮೊದಲು ಬರುವುದರಿಂದ, ಎಡದಿಂದ ಬಲಕ್ಕೆ ನಿಷ್ಠೆಯಿಂದ ಓದುವ ಮಗುವೇ ತಪ್ಪುತ್ತದೆ. ಇದು ದಡ್ಡತನವಲ್ಲ, ಲಿಪಿಯ ಸ್ವಭಾವ. ಕಬ್ಬು, ಬೆಲ್ಲ, ಎಮ್ಮೆ, ಹತ್ತಿ, ಅಜ್ಜ ಎಂಬಂಥ ಸಜಾತೀಯ ಒತ್ತಿನ, ಎಂದರೆ ಅದೇ ಅಕ್ಷರಕ್ಕೆ ಅದೇ ಒತ್ತು ಬರುವ ಪದಗಳನ್ನು ಮೊದಲು ಗಟ್ಟಿಮಾಡಿಸಿ, ಆಮೇಲೆ ವಿಜಾತೀಯ ಒತ್ತುಗಳಿಗೆ, ಕೊನೆಗೆ ಅರ್ಕಾವೊತ್ತಿಗೆ ಬಂದರೆ ನಾಲ್ಕೈದು ರವಿವಾರಗಳಲ್ಲಿ ಈ ಗಂಟು ಬಿಡಿಸಬಹುದು. ಲೆಕ್ಕದಲ್ಲಿಯೂ ಹೀಗೆಯೇ. 52ರಲ್ಲಿ 17 ಕಳೆ ಎಂದರೆ ಅನೇಕ ಮಕ್ಕಳು 45 ಎಂದು ಬರೆಯುತ್ತಾರೆ. ಬಿಡಿಸ್ಥಾನದಲ್ಲಿ ಎರಡರಿಂದ ಏಳು ಹೋಗುವುದಿಲ್ಲವಾದ್ದರಿಂದ ಏಳರಿಂದ ಎರಡನ್ನೇ ಕಳೆದು ಐದು ಬರೆದಿರುತ್ತಾರೆ. ಕೆಂಪು ಪೆನ್ನಿನ ತಪ್ಪು ಗುರುತಿನಿಂದ ಈ ಮಗುವಿಗೆ ಏನೂ ತಿಳಿಯುವುದಿಲ್ಲ. ಹತ್ತು ಹತ್ತು ಕಡ್ಡಿಗಳ ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿ ಕೊಟ್ಟು, ಹದಿನೇಳನ್ನು ತೆಗೆದುಕೊಡು ಎಂದರೆ, ಮಗು ತಾನಾಗಿಯೇ ಒಂದು ಕಟ್ಟನ್ನು ಬಿಚ್ಚುತ್ತದೆ. ಪುಸ್ತಕದಲ್ಲಿ ದಶಕಸಹಿತ ವ್ಯವಕಲನವೆಂದು ಕರೆಯುವುದು ಇದನ್ನೇ.

ಗಡಿಭಾಗದ ಭಾಷೆಯ ಸ್ಥಿತಿ ಈ ಕೆಲಸಕ್ಕೆ ತನ್ನದೇ ಆದ ಕಷ್ಟವನ್ನು ಸೇರಿಸುತ್ತದೆ. ಮಿರಜ, ಸಾಂಗಲಿ, ಇಚಲಕರಂಜಿಗಳು ಸಮೀಪವಿರುವ ಈ ಊರುಗಳಲ್ಲಿ ಕನ್ನಡ ಮತ್ತು ಮರಾಠಿ ಎರಡೂ ಮಾಧ್ಯಮದ ಸರ್ಕಾರಿ ಶಾಲೆಗಳಿದ್ದು, ಮನೆಯಲ್ಲಿ ಮರಾಠಿ ಆಡುವ ಮಗು ಕನ್ನಡ ಶಾಲೆಯಲ್ಲಿಯೂ ಮನೆಯಲ್ಲಿ ಕನ್ನಡ ಆಡುವ ಮಗು ಮರಾಠಿ ಶಾಲೆಯಲ್ಲಿಯೂ ಕುಳಿತಿರುವುದುಂಟು. ಮರಾಠಿ ಬರವಣಿಗೆಯಲ್ಲಿ ಎ ಏ, ಒ ಓ ಎಂಬ ಹ್ರಸ್ವ ದೀರ್ಘ ಭೇದವಿಲ್ಲದಿರುವುದರಿಂದ ಮರಾಠಿ ಮನೆಯ ಮಗು ಕೆರೆಯನ್ನು ಕೇರೆ ಎಂದೂ ಕೊಡುವುದನ್ನು ಕೋಡುವುದು ಎಂದೂ ಬರೆಯುವ ಸಂಭವ ಹೆಚ್ಚು. ಮರಾಠಿಯಲ್ಲಿ ಇಪ್ಪತ್ತೈದನ್ನು ಪಂಚವೀಸ ಎಂದು, ಅಂದರೆ ಬಿಡಿಯನ್ನು ಮೊದಲು ಹೇಳಿ ಹತ್ತನ್ನು ಆಮೇಲೆ ಹೇಳುವುದರಿಂದ, ಕಿವಿಗೆ ಬಿದ್ದ ಕ್ರಮದಲ್ಲಿ ಅಂಕಿ ಬರೆಯುವ ಮಗು 25ರ ಬದಲು 52 ಬರೆಯಬಹುದು. ಎರಡೂ ಭಾಷೆ ಬಲ್ಲ ಊರಿನ ತರುಣಿಗೆ ಇದು ಹೇಳದೆಯೇ ಅರ್ಥವಾಗುತ್ತದೆ, ದೂರದಿಂದ ಬಂದ ನುರಿತ ಶಿಕ್ಷಕರಿಗೂ ಅರ್ಥವಾಗದೆ ಹೋಗಬಹುದು. ಬೀಡದಿಂದ ಬಂದ ಗ್ಯಾಂಗಿನ ಮಗುವಿಗೆ ಮರಾಠಿಯಲ್ಲಿಯೇ ಓದು ಕಲಿಸಬೇಕಾಗಿ ಬಂದರೆ ಕನ್ನಡದ ಊರು ಅದಕ್ಕೆ ಹಿಂಜರಿಯಬೇಕಾಗಿಲ್ಲ. ಊರಿಗೆ ಮರಳಿದ ಆ ಮಗು ಜೂನ್ ತಿಂಗಳಲ್ಲಿ ಹೋಗಿ ಕೂರಬೇಕಾದದ್ದು ಮರಾಠಿ ಶಾಲೆಯಲ್ಲಿ.

ಸ್ವಯಂಸೇವಕರು ಯಾರು ಎಂಬ ಪ್ರಶ್ನೆಗೆ ಸಿದ್ಧ ಉತ್ತರವೊಂದಿದೆ. 1969ರ ಸೆಪ್ಟೆಂಬರ್ 24ರಂದು ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಗೆ ಸೇರಿದ ಪ್ರತಿ ಕಾಲೇಜು ವಿದ್ಯಾರ್ಥಿ ವರ್ಷಕ್ಕೆ 120 ತಾಸಿನಂತೆ ಎರಡು ವರ್ಷದಲ್ಲಿ 240 ತಾಸು ಸೇವೆ ಸಲ್ಲಿಸಬೇಕೆಂಬ ನಿಯಮವಿದೆ. ಶನಿವಾರ ಎರಡು, ರವಿವಾರ ಎರಡು ತಾಸಿನಂತೆ ಲೆಕ್ಕ ಹಾಕಿದರೆ 120 ತಾಸು 30 ವಾರಗಳಲ್ಲಿ ಮುಗಿಯುತ್ತದೆ, ಅಂದರೆ ನುರಿಸುವ ಹಂಗಾಮನ್ನು ಪೂರ್ತಿ ಆವರಿಸಿ ಇನ್ನೂ ಕೆಲವು ವಾರ ಉಳಿಯುತ್ತವೆ. ರಸ್ತೆಯ ಬದಿ ಕಸ ಗುಡಿಸಿ ಗಿಡ ನೆಟ್ಟು ತೀರಿಸುವ ಈ ತಾಸುಗಳನ್ನು ಚಿಕ್ಕೋಡಿ, ಅಥಣಿ, ಕಾಗವಾಡ, ರಾಯಬಾಗ, ನಿಪ್ಪಾಣಿಗಳ ಪದವಿ ಕಾಲೇಜುಗಳು ಒಂದೇ ಊರಿನ ಒಂದೇ ಗುಂಪಿನ ಮಕ್ಕಳಿಗೆ ಮೀಸಲಿಟ್ಟರೆ ಅದರ ಫಲವನ್ನು ಅಳೆದು ನೋಡಬಹುದು. ನಿವೃತ್ತ ಶಿಕ್ಷಕರು, ಪಿಯುಸಿ ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳು ಇವರ ಜೊತೆಗೆ ನಿಂತರೆ ಪರೀಕ್ಷೆಯ ತಿಂಗಳುಗಳಲ್ಲಿ ವಿದ್ಯಾರ್ಥಿಗಳು ಬಿಟ್ಟುಹೋಗುವ ಜಾಗ ಖಾಲಿ ಬೀಳುವುದಿಲ್ಲ. ಪ್ರತಿ ಗುಂಪಿಗೆ ಇಬ್ಬರಿರಬೇಕು ಎಂಬುದು ಮುಖ್ಯ. ಮಗು ತಾಯಿಯ ಜೊತೆ ವಾದಿಸಿ, ತಂಗಿಯನ್ನು ಕಂಕುಳಲ್ಲಿ ಹೊತ್ತು ಬಂದಾಗ ಪಾಠ ಹೇಳುವವರು ಬಾರದಿದ್ದರೆ ಅದು ಎರಡು ಸಲ ಸಹಿಸುತ್ತದೆ, ಮೂರನೆಯ ಸಲ ಬರುವುದಿಲ್ಲ.

ಸ್ಥಳಕ್ಕೆ ಕೊರತೆಯಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ ಅರಿವು ಕೇಂದ್ರಗಳಾಗಿ ಬೆಳೆದಿದ್ದು, 2020ರಲ್ಲಿ ಆರಂಭವಾದ ಓದುವ ಬೆಳಕು ಕಾರ್ಯಕ್ರಮದಡಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಶಾಲೆಯ ಕೋಣೆಯನ್ನು ಬಳಸುವುದಾದರೆ ಪಾಲಕರೇ ಹೆಚ್ಚಿನ ಸಂಖ್ಯೆಯಲ್ಲಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಲಿಖಿತ ಒಪ್ಪಿಗೆ ಬೇಕು, ಮತ್ತು ಅದನ್ನು ತೊಡಕೆಂದು ಭಾವಿಸದೆ ರಕ್ಷಣೆಯೆಂದು ಭಾವಿಸಬೇಕು. ಮಕ್ಕಳ ಜೊತೆ ಕೆಲಸ ಮಾಡುವ ಯಾರನ್ನೂ ಒಳ್ಳೆಯ ಮನೆತನದವರೆಂಬ ಕಾರಣಕ್ಕೆ ವಿಚಾರಿಸದೆ ಬಿಡುವಂತಿಲ್ಲ. ಪಾಠ ತೆರೆದ ಬಾಗಿಲಿನ ಕೋಣೆಯಲ್ಲಿ ನಡೆಯಬೇಕು, ಯಾವ ಹಿರಿಯರೂ ಒಂದು ಮಗುವಿನೊಡನೆ ಒಂಟಿಯಾಗಿ ಉಳಿಯಬಾರದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮು ವಿಧಿಸಿದ್ದು, ಸ್ವಯಂಸೇವಕರೂ ಅದಕ್ಕೆ ಒಳಪಟ್ಟವರು. ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನು ಮಕ್ಕಳಿಗೇ ಬಾಯಿಪಾಠ ಮಾಡಿಸಬೇಕು. ಹರಿದ ಅಂಗಿಯ ಮಗುವಿಗೆ ಪೆನ್ನು ಕೊಡುವ ಚಿತ್ರ ತೆಗೆದು ಮೊಬೈಲಿನಲ್ಲಿ ಹಂಚುವ ಅಭ್ಯಾಸವನ್ನು ಮಾತ್ರ ಪೂರ್ತಿಯಾಗಿ ನಿಲ್ಲಿಸಬೇಕು. ಆ ಚಿತ್ರವನ್ನು ತರಗತಿಯ ಉಳಿದ ಮಕ್ಕಳೂ ನೋಡುತ್ತಾರೆ, ಮತ್ತು ಬಡತನದ ಗುರುತು ಮಗುವಿನ ಮೇಲೆ ಶಾಲೆ ಬಿಡುವವರೆಗೂ ಉಳಿಯುತ್ತದೆ.

ಮಳೆಗಾಲದ ವಿಚಾರವೂ ಬೇರೆ. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳುಗಳಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ದಂಡೆ ಮೀರಿ ಹರಿದಾಗ ಶಾಲೆಗಳು ಪಾಠ ನಿಲ್ಲಿಸಬೇಕಾಯಿತು, ಅನೇಕ ಶಾಲಾ ಕಟ್ಟಡಗಳು ಕಾಳಜಿ ಕೇಂದ್ರಗಳು, ಅಂದರೆ ನೆರೆಗೆ ಸಿಕ್ಕವರ ಆಸರೆಯ ತಾಣಗಳಾದವು. ಅಂಥ ದಿನಗಳಲ್ಲಿ ಸ್ವಯಂಸೇವಕರ ಗುಂಪು ವಾರಾಂತ್ಯಕ್ಕೆ ಕಾಯದೆ ಕಾಳಜಿ ಕೇಂದ್ರದಲ್ಲಿಯೇ ಮಕ್ಕಳನ್ನು ಕೂಡಿಸಿಕೊಂಡು ಕುಳಿತರೆ, ನೆರೆ ಇಳಿದು ಮನೆಯ ಕೆಸರು ಬಳಿಯುವ ಗಡಿಬಿಡಿಯಲ್ಲಿ ಶಾಲೆಯಿಂದ ಕಳಚಿಹೋಗುವ ಮಕ್ಕಳನ್ನು ಹಿಡಿದು ನಿಲ್ಲಿಸಬಹುದು.

ಖಾಲಿ ಇರುವ ಶಿಕ್ಷಕರ ಹುದ್ದೆಗಳಿಗೆ ಸ್ವಯಂಸೇವೆ ಪರಿಹಾರವಲ್ಲ ಎಂಬುದನ್ನು ಊರವರು ಸ್ಪಷ್ಟವಾಗಿ ಹೇಳುತ್ತಿರಬೇಕು. ಪ್ರಾಥಮಿಕ ತರಗತಿಗಳಲ್ಲಿ 30 ಮಕ್ಕಳಿಗೊಬ್ಬ ಶಿಕ್ಷಕರಿರಬೇಕೆಂಬುದು ಶಿಕ್ಷಣ ಹಕ್ಕು ಕಾಯ್ದೆಯ ಮಾನದಂಡ; ರವಿವಾರದ ಗುಂಪು ಚೆನ್ನಾಗಿ ನಡೆಯುತ್ತಿದೆಯೆಂದು ಸೋಮವಾರದ ಕೊರತೆಯನ್ನು ಸಹಿಸಿಕೊಳ್ಳುವುದು ಮಕ್ಕಳಿಗೆ ಮಾಡುವ ಅನ್ಯಾಯ. ಪ್ರತಿ ವರ್ಷ ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಶಿಕ್ಷಕರ ಕೊರತೆ, ಶೌಚಾಲಯ, ಶಾಲೆಯ ದಾರಿಯ ಕುರಿತು ಮಕ್ಕಳೇ ಎದ್ದು ನಿಂತು ಕೇಳಬಹುದು, ಮತ್ತು ಹಾಗೆ ಕೇಳಲು ಬೇಕಾದ ಧೈರ್ಯವನ್ನೂ ಅರ್ಜಿ ಬರೆಯುವ ಕೌಶಲವನ್ನೂ ವಾರಾಂತ್ಯದ ಪಾಠ ಕೊಡಬಲ್ಲದು.

ಹಂಗಾಮಿನ ಕೊನೆಯಲ್ಲಿ ಗ್ಯಾಂಗುಗಳು ಊರಿಗೆ ಮರಳುವ ಮುನ್ನಿನ ವಾರಗಳಲ್ಲಿ ಮಾಡಬೇಕಾದ ಒಂದು ಕೆಲಸ ಉಳಿಯುತ್ತದೆ. ವಲಸೆ ಹೋಗುವ ಮಗುವಿಗೆ ಮಹಾರಾಷ್ಟ್ರದ ಶಾಲೆಗಳು ಶಿಕ್ಷಣ ಹಮೀ ಪತ್ರಕವೆಂಬ ಕಾರ್ಡನ್ನು ಕೊಡುವ ಪದ್ಧತಿಯಿದ್ದು, ಅದನ್ನು ತೋರಿಸಿ ಮಗು ಹೋದ ಊರಿನ ಶಾಲೆಯಲ್ಲಿ ಕುಳಿತುಕೊಳ್ಳಬಹುದು. ಕೃಷ್ಣಾ ದಂಡೆಯ ಹಳ್ಳಿಗಳಿಂದ ಮರಳುವ ಮಗುವಿನ ಕೈಯಲ್ಲಿಯೂ ಮುಖ್ಯಗುರುಗಳ ಸಹಿಯಿರುವ ಒಂದು ಹಾಳೆ ಇರಬೇಕು. ಅದರಲ್ಲಿ ಹಾಜರಾತಿಯ ದಿನಗಳ ಜೊತೆಗೆ ಮಗು ಓದಬಲ್ಲ ಮಟ್ಟ, ಕಲಿತು ಮುಗಿಸಿದ ಕಾಗುಣಿತ, ಇನ್ನೂ ತಪ್ಪುವ ಒತ್ತಕ್ಷರಗಳು, ದಶಕಸಹಿತ ವ್ಯವಕಲನ ಬರುತ್ತದೆಯೋ ಇಲ್ಲವೋ ಎಂಬ ವಿವರಗಳನ್ನು, ಮಗು ಮರಳುವ ಶಾಲೆಯ ಭಾಷೆಯಲ್ಲಿ, ಆ ಮಗುವಿಗೆ ಕಲಿಸಿದ ಸ್ವಯಂಸೇವಕರೇ ಬರೆದುಕೊಡಬೇಕು. ಬೀಡ ಜಿಲ್ಲೆಯದೋ ವಿಜಯಪುರ ಜಿಲ್ಲೆಯದೋ ಆದ ಆ ಶಾಲೆಯ ಶಿಕ್ಷಕರು ಜೂನ್ ತಿಂಗಳಲ್ಲಿ ಮೂಲಾಕ್ಷರದಿಂದ ಮತ್ತೆ ಆರಂಭಿಸದೆ ಅಲ್ಲಿಂದ ಮುಂದಕ್ಕೆ ಕಲಿಸಲು ಅಷ್ಟು ಸಾಕಾಗುತ್ತದೆ.